ಉಪದೇಶಿ ಅಯ್ಯನವರ ಮನೆಗಾಗಿ ಸಭಾ ಸಮಿತಿಯ ಮನವಿ

ಯೇಸು ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಹೋದ ತಿಂಗಳ ಹಸ್ತದ ಮಳೆಗೆ ನಮ್ಮ ಚರ್ಚಿನಲ್ಲಿ ಬೈಬಲ್ ಬೋಧಿಸುವ ಉಪದೇಶಿ ಅಯ್ಯನವರ ಮನೆಯ ಹಿಂದಿನ ಗೋಡೆ ಕುಸಿದು, ಮೇಲಿನ ಶೀಟುಗಳು ಒಳಗೆ ಬಿದ್ದವು. ರಾತ್ರಿ ಹನ್ನೊಂದರ ಹೊತ್ತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ನಾವು ಹೋದಾಗ ಅಯ್ಯನವರು ಜಗಲಿಯಲ್ಲಿ ಕೂತು ಸಂಡೇ ಸ್ಕೂಲಿನ ಹಾಜರಿ ಪುಸ್ತಕ ಒಣಗಿಸುತ್ತಿದ್ದರು. ಹಾಳೆ ಹಾಳೆಯ ನಡುವೆ ಹಳೇ ಪೇಪರ್ ಇಟ್ಟು, ಮೇಲೆ ಗುಂಡುಕಲ್ಲು ಹೇರಿದ್ದರು. ಅವರ ಹಾಸಿಗೆ, ಬಟ್ಟೆ ಇನ್ನೂ ಮಣ್ಣಿನಡಿಯಲ್ಲೇ ಇದ್ದವು. "ಮಕ್ಕಳ ಹೆಸರು ಅಳಿಸಿ ಹೋಗಬಾರದಲ್ವಾ" ಎಂದರು, ಅಷ್ಟೇ.

ಅವರ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. 28 ವರ್ಷದಿಂದ ನಮ್ಮ ಮಕ್ಕಳು ಬೈಬಲಿನ 23ನೇ ಕೀರ್ತನೆ ಬಾಯಿಪಾಠ ಒಪ್ಪಿಸಿದ್ದು ಅವರ ಮುಂದೆಯೇ. ತಪ್ಪಿದರೆ ಬೈಯುವವರಲ್ಲ. ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದು ಕೊಟ್ಟು "ಇನ್ನೊಂದ್ಸಲ ಹೇಳು ಮರಿ" ಅನ್ನುವವರು. ಬೈಬಲ್ ಕ್ವಿಜ್‌ನಲ್ಲಿ ನಮ್ಮ ಮಕ್ಕಳು ಸತತ ಮೂರು ವರ್ಷ ಶೀಲ್ಡ್ ಗೆದ್ದು ತಂದರು. ಆ ಶೀಲ್ಡ್‌ಗಳು ಈಗಲೂ ಚರ್ಚಿನ ಹಾಲ್‌ನಲ್ಲಿವೆ, ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತದೆ. ಆ ಹಾಲ್ ಕಟ್ಟಿದ್ದೂ ನಾವೇ, ಹೊರಗಿನ ದುಡ್ಡು ಒಂದು ಪೈಸೆ ಇಲ್ಲದೆ. ನಮ್ಮ ತಾಯಂದಿರು ಅನ್ನಕ್ಕಿಡುವಾಗ ದಿನಾ ಒಂದು ಹಿಡಿ ಅಕ್ಕಿ ಡಬ್ಬಿಗೆ ಹಾಕಿಟ್ಟರು, ಅದೇ ಅಡಿಪಾಯವಾಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಮನೆಗೆ ಹೋಗಿ ಊಟ ಮಾಡುತ್ತೇವೆ. ಅಯ್ಯನವರು ಜಗಳೂರು ಕಡೆಯ ಬಸ್ ಹತ್ತುತ್ತಾರೆ. ಹಳ್ಳಿಯ ಮನೆಗಳಲ್ಲಿ ಪ್ರಾರ್ಥನೆಯ ಮನೆಕೂಟ ಮುಗಿಸಿ ದಾವಣಗೆರೆಗೆ ಬರುವಾಗ ರಾತ್ರಿ. ಎಷ್ಟೋ ಸಲ ಬಸ್ ಸ್ಟ್ಯಾಂಡಿನ ಮಂಡಕ್ಕಿಯೇ ಊಟ. ಅವರಿಗೆ ನಾವು ಕೊಡುವ ಗೌರವಧನ ತಿಂಗಳಿಗೆ 7,500 ರೂಪಾಯಿ. ಪಿಂಚಣಿ ಇಲ್ಲ, ಪಿಎಫ್ ಇಲ್ಲ. ಅವರು ಕೇಳಲಿಲ್ಲ, ನಾವೂ ಸುಮ್ನೆ ಇದ್ದುಬಿಟ್ಟೆವು. ಇದು ಸಮಿತಿಯ ತಪ್ಪು, ಒಪ್ಪಿಕೊಳ್ಳುತ್ತೇವೆ.

1831ರ ಹೊತ್ತಿಗೆ ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆದರೆ ಓದಲು ಬಾರದ ನಮ್ಮ ಹಿರಿಯರಿಗೆ ಮನೆಬಾಗಿಲಿಗೆ ಬಂದು ಅದನ್ನು ಓದಿ ಹೇಳಿದವರು ಇಂಥ ಉಪದೇಶಿಗಳೇ. ಬೋಧನೆಯಲ್ಲಿ ಕಷ್ಟಪಡುವವರಿಗೆ ಇಮ್ಮಡಿ ಮಾನ ಸಲ್ಲಬೇಕು ಎಂದು ಬೈಬಲಿನಲ್ಲಿ, ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿದೆ. ಅದರ ಹಿಂದೆಯೇ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬ ಧರ್ಮಶಾಸ್ತ್ರದ ಮಾತೂ ಇದೆ. ನನ್ನ ಅಜ್ಜ ಬೆಳೆಯ ಸಾಲಿನ ನಡುವೆ ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು, ಕಣಕ್ಕೆ ಬಂದ ಕೂಡಲೇ ಬಿಚ್ಚುತ್ತಿದ್ದರು. ಆ ವಚನ ಓದಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಗೋಡೆ ಎತ್ತಿ ಆರ್‌ಸಿಸಿ ಹಾಕಲು ಮೂರೂವರೆ ಲಕ್ಷದ ಆಸುಪಾಸು ಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ಕಬ್ಬಿಣದ ರೇಟ್ ನೋಡಿದರೆ ಸ್ವಲ್ಪ ಜಾಸ್ತಿಯೇ ಆಗಬಹುದು. ಮೊನ್ನೆ ಚರ್ಚಿನ ಸುಗ್ಗಿ ಹಬ್ಬಕ್ಕೆ ಜನ ತಂದ ಕಾಣಿಕೆಗಳ ಹರಾಜಿನಿಂದ 90 ಸಾವಿರ ಬಂದಿದೆ. ವಯಸ್ಸಾದ ಒಬ್ಬ ತಾಯಿ ಹಿತ್ತಲಿನ ಒಂದೇ ಒಂದು ಸೋರೆಕಾಯಿ ತಂದಿದ್ದರು. ಕೂಗಿದವರು ಮತ್ತೆ ಹರಾಜಿಗೇ ಬಿಟ್ಟರು. ಹೀಗೆ ಮೂರು ಕೈ ಬದಲಾಗಿ ಆ ಸೋರೆಕಾಯಿಯೊಂದರಿಂದಲೇ 4,300 ರೂಪಾಯಿ ಬಂತು!

ಸ್ಲ್ಯಾಬ್ ಹಾಕಿದ ಮೇಲೆ ಮೂರು ವಾರ ನೀರು ಉಣಿಸಬೇಕು. ಹಾಗಾಗಿ ಈ ತಿಂಗಳ ಕೊನೆಯೊಳಗೆ ದುಡ್ಡು ಕೂಡಿದರೆ ಮಾತ್ರ ಅಯ್ಯನವರು ಕ್ರಿಸ್ಮಸ್ ಹೊತ್ತಿಗೆ ಸ್ವಂತ ಮನೆಯಲ್ಲಿರುತ್ತಾರೆ. ಈಗ ಹಾಲ್‌ನ ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದಾರೆ. ಜೊತೆಗೆ ಜನವರಿಯಿಂದ ಗೌರವಧನ 12,000 ಮಾಡಬೇಕೆಂದಿದ್ದೇವೆ. ತಿಂಗಳಿಗೆ ನೂರೋ ಇನ್ನೂರೋ ಕೊಡುವವರು ಹೆಸರು ಬರೆಸಿ.

ದೇಣಿಗೆಯನ್ನು ಆರಾಧನೆ ಮುಗಿದ ಮೇಲೆ ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಬೆಂಗಳೂರು, ದುಬೈನಲ್ಲಿರುವ ನಮ್ಮ ಮಕ್ಕಳು ಮನೆಯವರ ಮೂಲಕ ಕಳಿಸಬಹುದು. ಸಿಮೆಂಟ್ ಚೀಲ, ಜಲ್ಲಿ, ಮರಳು ಕೊಟ್ಟರೂ ಆಗುತ್ತದೆ. ಸ್ಲ್ಯಾಬ್‌ಗೆ ಬೆಳಿಗ್ಗೆ ಸಂಜೆ ನೀರು ಹಾಕುವ ಕೆಲಸವನ್ನು ಯುವಜನ ಸಂಘದವರು ಆಗಲೇ ವಹಿಸಿಕೊಂಡಿದ್ದಾರೆ.

ಸಭಾ ಸಮಿತಿಯ ಪರವಾಗಿ,
ಕಾರ್ಯದರ್ಶಿ, ದಾವಣಗೆರೆ