ಬೇಸ್ ಕ್ಲಾಕ್ 120 ಅಂತ ಬರೆದುಬಿಟ್ಟರೆ ಸಾಕೇ?

ಮಾನ್ಯರೆ,

ಹಳೇ ಕಂಪ್ಯೂಟರಿನ ವೇಗ ಹೆಚ್ಚಿಸಿಕೊಳ್ಳುವ ಬಗ್ಗೆ ಕಳೆದ ವಾರ ನಿಮ್ಮ ಯುವಜನರ ಪುಟದಲ್ಲಿ ಬಂದ ಬರಹದಲ್ಲಿ ಒಂದು ಸಾಲಿತ್ತು: ಬಯಾಸ್‌ಗೆ ಹೋಗಿ ಬೇಸ್ ಕ್ಲಾಕ್ ಅನ್ನು 100ರಿಂದ 120ಕ್ಕೆ ಏರಿಸಿ, ಪ್ರೊಸೆಸರ್ ಶೇ 20ರಷ್ಟು ಚುರುಕಾಗುತ್ತದೆ ಅಂತ. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ. ಬೇಸ್ ಕ್ಲಾಕ್ ಅಂದರೆ ಒಳಗಿನ ಭಾಗಗಳು ಹೆಜ್ಜೆ ಹಾಕುವ ಮೂಲ ತಾಳ; 100 ಅಂದರೆ 100 ಮೆಗಾಹರ್ಟ್ಜ್, ಸೆಕೆಂಡಿಗೆ 10 ಕೋಟಿ ಸಲ. ಮೂರನೇ ದಿನಕ್ಕೇ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಸಿಪಿಯು ಡಬ್ಬ ಹೊತ್ತುಕೊಂಡು ಮಂಡ್ಯದ ನನ್ನ ಅಂಗಡಿಗೆ ಬಂದ. ‘ಅಣ್ಣಾ, ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇನೇ ಬರ್ತಿಲ್ಲ.’ ಇಂಟೆಲ್‌ನ ಎರಡನೇ ತಲೆಮಾರಿನ ಐ5 ಪ್ರೊಸೆಸರ್, ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡಿದ್ದು. ಏನ್ ಮಾಡ್ದೆ ಕಣಪ್ಪಾ ಅಂದರೆ ಜೇಬಿನಿಂದ ನಿಮ್ಮ ಪೇಪರ್ ಕಟಿಂಗ್ ತೆಗೆದ. ಬೋರ್ಡಿನ ಸೆಲ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿದೆ. ಬಯಾಸ್ ಮೊದಲಿನ ಸೆಟ್ಟಿಂಗಿಗೆ ಮರಳಿ, ಎದ್ದು ಕೂತಿತು. ಅವನ ಹತ್ತಿರ ದುಡ್ಡು ತಗೊಳ್ಳಲಿಲ್ಲ, ಆದರೆ ನಿಮಗೆ ಬರೆಯದೆ ಇರಲಾಗಲಿಲ್ಲ.

ನಮ್ಮಪ್ಪ ಊರಲ್ಲಿ ಮಿಲ್ಲು ಇಟ್ಟಿದ್ದರು. ಒಂದೇ ಮೋಟರು, ಗೋಡೆಯುದ್ದಕ್ಕೂ ಒಂದು ಶಾಫ್ಟು, ಅದರಿಂದ ಬೆಲ್ಟು ಎಳೆದು ರಾಗಿ ಕಲ್ಲು, ಖಾರದ ಪುಡಿ ಮಿಷನ್ನು, ಭತ್ತದ ಹಲ್ಲರ್. ಭತ್ತ ಬೇಗ ಆಗಲಿ ಅಂತ ಮೋಟರಿನ ಪುಲ್ಲಿ ದೊಡ್ಡದು ಮಾಡಿದರೆ ರಾಗಿ ಕಲ್ಲೂ ಜೋರಾಗಿ ತಿರುಗಿ ಹಿಟ್ಟು ಸೀದ ವಾಸನೆ ಬರುತ್ತಿತ್ತು. ಹಲ್ಲರಿನ ಪುಲ್ಲಿಯೊಂದನ್ನೇ ಚಿಕ್ಕದು ಮಾಡಿದರೆ ಅದೊಂದೇ ಜೋರಾಗುತ್ತಿತ್ತು, ಮಿಕ್ಕವು ತಮ್ಮ ಪಾಡಿಗೆ ತಾವಿರುತ್ತಿದ್ದವು. ಬೇಸ್ ಕ್ಲಾಕ್ ಅನ್ನುವುದು ಮೋಟರಿನ ಪುಲ್ಲಿ, ಮಲ್ಟಿಪ್ಲೈಯರ್ (ಪ್ರೊಸೆಸರ್ ಆ ತಾಳದ ಎಷ್ಟು ಪಟ್ಟು ಓಡಬೇಕು ಅನ್ನುವ ಸಂಖ್ಯೆ) ಅನ್ನುವುದು ಹಲ್ಲರಿನ ಪುಲ್ಲಿ. ನಿಮ್ಮ ಬರಹದವರು ಇವೆರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ.

ಹಳೇ ಬೋರ್ಡುಗಳಲ್ಲಿ ಆ ಮೋಟರು ಕಣ್ಣಿಗೇ ಕಾಣುತ್ತದೆ. ಹುಣಸೆಬೀಜದಷ್ಟು ಬೆಳ್ಳಿ ಬಣ್ಣದ ಡಬ್ಬಿ, ಮೇಲೆ 14.318 ಅಂತ ಇರುತ್ತದೆ. ಒಳಗಿರುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 1 ಕೋಟಿ 43 ಲಕ್ಷ ಸಲ ಅದುರುತ್ತದೆ. ನಾನು ಮೊದಲು ಟಿವಿ ರಿಪೇರಿ ಮಾಡುತ್ತಿದ್ದವನು, ನಮ್ಮ ಕಲರ್ ಟಿವಿಗಳ 4.43 ಹರಳು ಇವತ್ತಿಗೂ ಡ್ರಾದಲ್ಲಿವೆ. ಅಮೆರಿಕದ ಕಲರ್ ಟಿವಿಯದು 3.58. ಅದರ ನಾಲ್ಕು ಪಟ್ಟೇ ಈ 14.318! 1981ರಲ್ಲಿ ಐಬಿಎಂನವರು ತಮ್ಮ ಪಿಸಿಗೆ ಈ ಹರಳು ಹಾಕಿ, ಮೂರರಿಂದ ಭಾಗಿಸಿ ಪ್ರೊಸೆಸರನ್ನು 4.77 ಮೆಗಾಹರ್ಟ್ಜ್‌ನಲ್ಲಿ ಓಡಿಸಿದರು. ಅಲ್ಲಿನ ಟಿವಿಯ ಲೆಕ್ಕ ಮಂಡ್ಯದ ಬೋರ್ಡುಗಳವರೆಗೂ ಬಂದು ಕೂತಿತು.

ಹರಳಿನ ವೇಗ ಹೆಚ್ಚುಕಡಿಮೆ ಕಲ್ಲಿನ ಮೇಲೆ ಬರೆದಂತೆ. ವೇಗ ಬದಲಿಸುವುದು ಪಕ್ಕದ ಕ್ಲಾಕ್ ಜನರೇಟರ್ ಐಸಿ, ಅಂದರೆ ತಾಳ ತಯಾರಿಸುವ ಚಿಪ್ಪು. ಅದರೊಳಗೆ, ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಓಡುವ ಇನ್ನೊಂದು ಆಸಿಲೇಟರ್ (ತಾಳ ಹುಟ್ಟಿಸುವ ಸರ್ಕ್ಯೂಟು) ಇದೆ. ಹರಳಿನ ತಾಳವನ್ನು ಒಂದು ಸಂಖ್ಯೆಯಿಂದ, ಈ ಆಸಿಲೇಟರಿನ ತಾಳವನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸಿ, ಎರಡನ್ನೂ ಸದಾ ಹೋಲಿಸುತ್ತಿರುತ್ತದೆ. ಹಿಂದೆ ಬಿದ್ದರೆ ತಳ್ಳು, ಮುಂದೆ ಓಡಿದರೆ ಜಗ್ಗು. ಇದಕ್ಕೇ ಪಿಎಲ್‌ಎಲ್ (ಫೇಸ್ ಲಾಕ್ಡ್ ಲೂಪ್) ಅನ್ನುವುದು. ನಾವು ಬಯಾಸ್‌ನಲ್ಲಿ ವೇಗ ಬದಲಿಸಿದಾಗ ಬದಲಾಗುವುದು ಆ ಭಾಗಿಸುವ ಸಂಖ್ಯೆ, ಅಷ್ಟೇ. ಪ್ರೊಸೆಸರಿಗೆ ಗೊತ್ತೂ ಆಗುವುದಿಲ್ಲ, ತಾಳ ಬಂದಷ್ಟು ಸಲ ಹೆಜ್ಜೆ ಹಾಕುತ್ತದೆ.

ಇಷ್ಟೆಲ್ಲ ಉಪದೇಶ ಮಾಡುವ ನಾನೇ 1999ರಲ್ಲಿ ಮುಗ್ಗರಿಸಿದ್ದೇನೆ. ಬೆಲ್ಲದ ಮಂಡಿಯವರೊಬ್ಬರು ಲೆಕ್ಕಪತ್ರಕ್ಕೆ ಅಂತ ಕಂಪ್ಯೂಟರ್ ಮಾಡಿಸಿದ್ದರು. ಆಗ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರ್ ಅಂದರೆ ನಮ್ಮಂಥವರಿಗೆ ಹಬ್ಬ. ಬಸ್ಸು (ಆಗಿನ ಬೇಸ್ ಕ್ಲಾಕ್) 66, ಮಲ್ಟಿಪ್ಲೈಯರ್ 4.5ಕ್ಕೆ ಬೀಗ ಹಾಕಿದ್ದರು, ಒಟ್ಟು 300. ಬಸ್ಸನ್ನು 100 ಮಾಡಿದರೆ ಅದೇ ಚಿಪ್ಪು 450. ಹೆದರಿ, ನಡುವೆ ಇರಲಿ ಅಂತ 83ಕ್ಕೆ ಇಟ್ಟೆ. ಸುಮಾರು 375ರಲ್ಲಿ ಬೆಣ್ಣೆಯಂತೆ ಓಡಿತು. ಹದಿನೈದು ದಿನಕ್ಕೆ ಫೈಲುಗಳಲ್ಲಿ ಕಸ ತುಂಬಿಕೊಂಡಿತು. ರೈತರ ಮುಂಗಡದ ಲೆಕ್ಕ ಪೂರ್ತಿ ಹೋಯಿತು. ಕಾರಣ ಹಾರ್ಡ್‌ಡಿಸ್ಕು ಕೂತಿದ್ದ ಪಿಸಿಐ ದಾರಿ, ಅಂದರೆ ಬೋರ್ಡಿನಲ್ಲಿ ಡೇಟಾ ಓಡಾಡುವ ಒಂದು ದಾರಿ. ಅದು 33ರಲ್ಲಿ ಓಡಬೇಕು. ಬಸ್ಸು 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸಿ 33 ಕೊಡುತ್ತದೆ, 100 ಇದ್ದರೆ ಮೂರರಿಂದ ಭಾಗಿಸಿ ಮತ್ತೆ 33. ನಾನಿಟ್ಟ 83ಕ್ಕೂ ಎರಡೇ, ಅಂದರೆ 41ಕ್ಕಿಂತ ಜಾಸ್ತಿ. ಪ್ರೊಸೆಸರ್ ತಡೆದುಕೊಂಡಿತು, ಡಿಸ್ಕು ತಡೆಯಲಿಲ್ಲ. ಧೈರ್ಯ ಮಾಡಿ 100ಕ್ಕೆ ಇಟ್ಟಿದ್ದರೆ ಡಿಸ್ಕಿಗೆ ಏನೂ ಆಗುತ್ತಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಮೂರು ರಾತ್ರಿ ಅವರ ಮಂಡಿಯಲ್ಲೇ ಕೂತು ಚೀಟಿ ನೋಡಿಕೊಂಡು ಲೆಕ್ಕ ಮತ್ತೆ ಟೈಪ್ ಮಾಡಿದೆ. ಬೈಯಲಿಲ್ಲ ಪುಣ್ಯಾತ್ಮರು, ಕಾಫಿ ತರಿಸಿಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಆ ಹುಡುಗನ ಐ5 2011ರ ಪೈಕಿಯದು. ಆ ಸಾಲಿನಿಂದ ಇಂಟೆಲ್‌ನವರು ಕ್ಲಾಕ್ ಜನರೇಟರನ್ನು ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ಟಿನೊಳಗೇ ಸೇರಿಸಿ, ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡುಗಳ ದಾರಿ), ಸಾಟಾ (ಡಿಸ್ಕಿನ ದಾರಿ) ಎಲ್ಲವನ್ನೂ ಅದೇ 100ಕ್ಕೆ ಕಟ್ಟಿಹಾಕಿದರು. ಅಪ್ಪನ ಮಿಲ್ಲಿನ ಶಾಫ್ಟೇ ಸೈ. ನಾಲ್ಕೈದು ಮೆಗಾಹರ್ಟ್ಜ್ ಏರಿಸುವಷ್ಟರಲ್ಲಿ ಏದುಸಿರು ಬರುತ್ತದೆ, 120 ಎಲ್ಲಿಯ ಮಾತು? ಆ ಸಾಲಿನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಐ5ಗೆ ಮಾತ್ರ ಮಲ್ಟಿಪ್ಲೈಯರಿನ ಬೀಗ ಪೂರ್ತಿ ತೆಗೆದಿರುತ್ತಾರೆ, ಅದಕ್ಕೂ ತಕ್ಕ ಬೋರ್ಡು ಬೇಕು. 2015ರ ಸ್ಕೈಲೇಕ್ ಪ್ರೊಸೆಸರುಗಳಿಂದ ಈಚೆಗೆ ಪಿಸಿಐ ಎಕ್ಸ್‌ಪ್ರೆಸ್‌ನ ತಾಳವನ್ನು ಬೇರೆ ಮಾಡಿದ್ದಾರೆ. ಕೆಲವು ಬೋರ್ಡುಗಳಲ್ಲಿ ಕ್ಲಾಕ್ ಜನರೇಟರ್ ಐಸಿಯೂ ಪ್ರತ್ಯೇಕವಾಗಿ ಇರುತ್ತದೆ. ಅಂಥದ್ದರಲ್ಲಿ ಬೇಕಾದರೆ ಬೇಸ್ ಕ್ಲಾಕ್ ಆಡಿಸಲಿ. ಕಾವಿನ ಲೆಕ್ಕವನ್ನೂ ನಿಮ್ಮವರು ಬಿಟ್ಟಿದ್ದಾರೆ: ವೇಗ ಎಷ್ಟು ಹೆಚ್ಚಿತೋ ವಿದ್ಯುತ್ತೂ ಅಷ್ಟು ಹೆಚ್ಚು. ವೋಲ್ಟೇಜ್ ಏರಿಸಿದರಂತೂ ಅದರ ವರ್ಗದಷ್ಟು ಹೆಚ್ಚು.

ಆದ್ದರಿಂದ, ಆ 120ರ ಸಾಲಿಗೆ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ. ಯಾವ ಬೋರ್ಡಿಗೆ, ಯಾವ ಪ್ರೊಸೆಸರಿಗೆ ಅನ್ನುವುದು ಸಂಖ್ಯೆಗಿಂತ ಮೊದಲು ಬರಲಿ. ಕಟಿಂಗ್ ಇಟ್ಟುಕೊಳ್ಳುವ ಹುಡುಗರು ಇನ್ನೂ ಇದ್ದಾರೆ.

ಆ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ‘ಅಣ್ಣಾ, 103 ಇಟ್ರೆ?’ ಅಂದ. ಮೊದ್ಲು ಒಂದು ಎಸ್‌ಎಸ್‌ಡಿ ಹಾಕಿಸ್ಕೋ ಹೋಗು ಅಂದೆ.

ಇತಿ,
ಕಂಪ್ಯೂಟರ್ ರಿಪೇರಿ ಅಂಗಡಿಯವ, ಮಂಡ್ಯ