ಡೊಳ್ಳು ಸಭಾಂಗಣದೊಳಗೇ ಬಿಗಿಯಲಿ

ಮಾನ್ಯರೇ,

ಮುಂಬೈಯ ಎಂಬಿಎ ಕಾಲೇಜುಗಳ ತಂಡಸ್ಪರ್ಧೆಗೆ ಡೊಳ್ಳು ಕುಣಿತ ಆರಿಸಿಕೊಳ್ಳುವ ನಮ್ಮ ಮಕ್ಕಳಿಗೆ ಒಂದು ಮಾತು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ. ಹೊರಗೆ ಹಗ್ಗ ಬಿಗಿದು ತಂದರೂ ಎಸಿ ಸಭಾಂಗಣದ ಒಣಗಾಳಿಗೆ ಚರ್ಮ ಮತ್ತಷ್ಟು ಬಿಗಿದು ದನಿಯೇ ಬದಲಾಗುತ್ತದೆ. ಅರ್ಧ ಗಂಟೆ ಮೊದಲೇ ಡೊಳ್ಳುಗಳನ್ನು ಒಳಗಿಟ್ಟು, ಆಮೇಲೆ ಬಿಗಿಯಿರಿ. ಬೆರಳಲ್ಲಿ ತಟ್ಟಿ ಎಲ್ಲವೂ ಒಂದೇ ದನಿ ಕೊಡುತ್ತವೆಯೇ ಕೇಳಿ. ಹಾಡುವವರ ಮೈಕು ಡೊಳ್ಳಿನ ಪಕ್ಕ ಬೇಡ, ಪದ ಮುಳುಗಿಹೋಗುತ್ತದೆ. 8 ನಿಮಿಷ ಕೊಟ್ಟರೆ ಕುಣಿತ 7ಕ್ಕೆ ಮುಗಿಯಲಿ. ಪ್ರವೇಶ, ನಿರ್ಗಮನವೂ ಲೆಕ್ಕಕ್ಕೆ ಬಂದರೆ ಅಂಕ ಕಳೆಯುವುದು ಅಲ್ಲೇ. ಆಯೋಜಕರೂ ದಯವಿಟ್ಟು ಚರ್ಮವಾದ್ಯದ ತಂಡಗಳಿಗೆ ವೇದಿಕೆಯ ಹಿಂದೆ ಜಾಗ ಕೊಡಲಿ.

– ಜಾನಪದ ಕಲಾಸಕ್ತರು, ಮಾಟುಂಗಾ, ಮುಂಬೈ