ಗೇಜ್ ಗ್ಲಾಸಿನ ನೀರು

ಕಾರವಾರ
ಭಾನುವಾರ

ಪ್ರೀತಿಯ ಮೊಮ್ಮಗಳೇ,

ನೀನು ರೈಲಿನಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ಇಂಜಿನ್ ಡ್ರೈವರಿನ ಜೊತೆಗಾತಿ ಆಗಿ ಆಯ್ಕೆಯಾದೆ ಅಂತ ನಿನ್ನಪ್ಪ ಫೋನ್ ಮಾಡಿದ್ದ. ನಿನ್ನಜ್ಜಿ ಆಗಲೇ ಕೇರಿಗೆಲ್ಲ ಸಾರಿ ಬಂದಾಯ್ತು. ನಾನು ಆವತ್ತು ಜಾಸ್ತಿ ಮಾತಾಡಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಹೇಳುವುದು ಇತ್ತು, ಆದರೆ ಫೋನಿನಲ್ಲಿ ಹೇಳುವಂಥದ್ದಲ್ಲ.

ಟ್ರೈನಿಂಗಿಗೆ ಹೋಗುವ ಮೊದಲು ಒಂದು ಭಾನುವಾರ ಇಲ್ಲಿಗೆ ಬಾ. ತಿಂಗಳಿಗೊಮ್ಮೆ ನಾವು ಆರೇಳು ರಿಟೈರಾದವರು ಸೇರಿ ಚಾ ಕುಡಿಯುತ್ತೇವೆ, ನಿನಗೆ ಗೊತ್ತಲ್ಲ. ಎಲ್ಲರೂ ಉಗಿ ಇಂಜಿನ್ನಿನವರು. ತಮಾಷೆ ಏನಂದ್ರೆ, ಕಾರವಾರಕ್ಕೆ ಉಗಿಬಂಡಿ ಬಂದೇ ಇಲ್ಲ. ಕೊಂಕಣ ರೈಲು ಪೂರ್ತಿ ಶುರುವಾದದ್ದೇ 1998ರಲ್ಲಿ, ಅದೂ ಡೀಸೆಲ್‌ನಲ್ಲಿ. ನಾವು ಮಸಿ ಬಳಿದುಕೊಂಡದ್ದೆಲ್ಲ ಘಟ್ಟದ ಮೇಲೆ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಕಡೆ. ಒಬ್ಬ ಮಾತ್ರ ಅಳ್ನಾವರ–ದಾಂಡೇಲಿ ಲೈನಿನಲ್ಲಿ ಇದ್ದವನು.

ಅಲ್ಲಿ ಕೇಳಿದ್ದನ್ನೆಲ್ಲ ನಂಬಬೇಡ ಮತ್ತೆ. ಒಬ್ಬನ ಗಾಡಿಯ ಸ್ಪೀಡು ವರ್ಷ ವರ್ಷ ಏರುತ್ತಾ ಇದೆ. ಮೀಟರ್‌ಗೇಜಿನ ಆ ಕಿರಿದಾದ ಹಳಿಯಲ್ಲಿ ಅಷ್ಟು ಜೋರು ಓಡಿಸಿದ್ದರೆ ಅವನು ದೂಧಸಾಗರದ ಗುಂಡಿಯಲ್ಲಿ ಇರುತ್ತಿದ್ದ, ನಮ್ಮ ಜೊತೆ ಬನ್ಸ್ ತಿನ್ನುತ್ತಿರಲಿಲ್ಲ.

ಮೊನ್ನೆಯ ಭಾನುವಾರ ಹಾಗಿರಲಿಲ್ಲ. ನನಗೇನಾಯಿತೋ, ಇಷ್ಟು ವರ್ಷ ಯಾರಿಗೂ ಹೇಳದ ಮಾತು ಬಾಯಿಂದ ಬಂತು. ನಿನಗೂ ಹೇಳುತ್ತೇನೆ.

ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಘಟ್ಟದ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಇವತ್ತಿಗೂ ಅಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಅನ್ನುವ ಇನ್ನೊಂದು ಇಂಜಿನ್ ತಳ್ಳಬೇಕು. ನಾನು ಫೈರ್‌ಮನ್, ಅಂದರೆ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವ, ಆದ ಹೊಸತು. ಸುರಂಗ ಬಂದಾಗಲೆಲ್ಲ ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡು, ಹೊರಗೆ ಬಂದ ಕೂಡಲೇ ಮತ್ತೆ ಸಲಿಕೆ. ಉಗಿಯ ಪ್ರೆಶರ್ ಇಳಿಯುತ್ತಾ ಇತ್ತು. ಇಂಜೆಕ್ಟರ್ ಹಾಕಿದರೆ ಬಾಯ್ಲರಿಗೆ ತಣ್ಣೀರು ಹೋಗಿ ಪ್ರೆಶರ್ ಇನ್ನೂ ಇಳಿಯುತ್ತದೆ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಗೇಜ್ ಗ್ಲಾಸ್ ನೋಡಿದೆ, ಮುಕ್ಕಾಲು ನೀರು. ಸಾಕು ಅಂತ ಇಂಜೆಕ್ಟರ್ ಬಂದ್ ಮಾಡಿದೆ.

ಏರುವಾಗ ಇಂಜಿನ್ ಮೂತಿ ಮೇಲಕ್ಕೆ ಇರುತ್ತದೆ ಮಗಳೇ, ಬಾಯ್ಲರಿನ ನೀರೆಲ್ಲ ಹಿಂದಕ್ಕೆ ಬಂದು ನಿಲ್ಲುತ್ತದೆ. ಗೇಜ್ ಗ್ಲಾಸ್ ಇರುವುದೂ ಹಿಂದೆಯೇ, ನಮ್ಮ ಕ್ಯಾಬಿನ್ನಿನಲ್ಲಿ. ಅದಕ್ಕೇ ನೀರು ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಬಾಯ್ಲರ್ 18 ಅಡಿ ಅಂತ ಇಟ್ಟುಕೋ, ಆ ಏರಿನಲ್ಲಿ ಎರಡು ತುದಿಗೆ ಅರ್ಧ ಅಡಿ ವ್ಯತ್ಯಾಸ. ಇದೆಲ್ಲ ನನಗೆ ಕಲಿಸಿದ್ದರು. ಆ ಹೊತ್ತಿಗೆ ತಲೆಗೆ ಬರಲಿಲ್ಲ, ಅಷ್ಟೇ.

ಕ್ಯಾಸಲ್‌ರಾಕ್ ಯಾರ್ಡಿನ ಮಟ್ಟಸದ ಹಳಿಗೆ ಬಂದ ಕೂಡಲೇ ಗ್ಲಾಸಿನ ನೀರು ಸರ್ರನೆ ಇಳಿಯಿತು. ಕೆಳಗಿನ ನಟ್ಟಿನ ಹತ್ತಿರ ಒಂದು ಬೆರಳು ನೀರು ಅಲ್ಲಾಡುತ್ತಿತ್ತು. ಬೆಂಕಿ ಉರಿಯುವ ಪೆಟ್ಟಿಗೆ, ಫೈರ್‌ಬಾಕ್ಸಿನ ನೆತ್ತಿಯ ಮೇಲೆ ನೀರಿಲ್ಲದಿದ್ದರೆ ಅಲ್ಲಿರುವ ಸೀಸದ ಪ್ಲಗ್ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಪ್ಲಗ್ಗೂ ಕೈಕೊಟ್ಟರೆ ಬಾಯ್ಲರೇ ಸಿಡಿಯುತ್ತದೆ. ಇಂಜೆಕ್ಟರ್ ಎರಡು ಸಲ ಉಗುಳಿ, ಮೂರನೇ ಸಲಕ್ಕೆ ನೀರು ಹಿಡಿಯಿತು. ನನ್ನ ಕಾಲು ನಡುಗುತ್ತಿತ್ತು. ಡ್ರೈವರ್ ಬೈಯಲಿಲ್ಲ. ಬೀಡಿ ಹಚ್ಚಿಕೊಂಡು ಆಚೆ ನೋಡುತ್ತಾ ನಿಂತ. ಬೈದಿದ್ದರೆ ಒಳ್ಳೆಯದಿತ್ತು.

ಇದನ್ನು ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ. ಆಮೇಲೆ ಒಬ್ಬ, ರಾತ್ರಿ ಪಾಳಿಯಲ್ಲಿ ತೂಕಡಿಸಿ ಸಿಗ್ನಲ್ ನೋಡದೆ ಹೋದದ್ದು ಹೇಳಿದ. ಇನ್ನೊಬ್ಬ, ಮುಂದಿನ ಹಳಿಗೆ ಹೋಗಲು ಅನುಮತಿಯಾಗಿ ಕೊಡುವ ಟೋಕನ್ ತೆಗೆದುಕೊಳ್ಳದೆ ಸ್ಟೇಷನ್ ದಾಟಿ, ಗಾಡಿ ನಿಲ್ಲಿಸಿ, ಕತ್ತಲಲ್ಲಿ ಹಿಂದಕ್ಕೆ ಓಡಿದ್ದು. ನಮ್ಮ ಸ್ಪೀಡಿನ ಶೂರ ಕೂಡ ಒಂದು ಹೇಳಿದ, ಅದನ್ನು ಅವನ ಬಾಯಲ್ಲೇ ಕೇಳು. ಇಷ್ಟು ವರ್ಷ ಕೂತಿದ್ದೇವೆ, ಕೆಲಸದ ಮಾತು ಆಡಿದ್ದು ಅದೇ ಮೊದಲು ಅನಿಸಿತು.

ಹಾಗಾಗಿ ಬಂದಾಗ "ಆ ಕಾಲ ಹೇಗಿತ್ತು ಅಜ್ಜ" ಅಂತ ಕೇಳಬೇಡ. ಎಲ್ಲರೂ ಒಂದೇ ಕತೆ ಹೇಳುತ್ತಾರೆ. ಯಾವತ್ತು ತಪ್ಪಿತು, ತಪ್ಪುವ ಮೊದಲು ಏನು ಯೋಚಿಸುತ್ತಾ ಇದ್ರಿ ಅಂತ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಬೇಡ. ಮೇಜಿನ ಮೇಲೆ ಫೋನ್ ಕಂಡರೆ ಎಲ್ಲರೂ ಮತ್ತೆ ಶೂರರಾಗುತ್ತಾರೆ.

ನಿನ್ನ ಇಂಜಿನ್ನಿನಲ್ಲಿ ಗ್ಲಾಸೂ ಇಲ್ಲ, ಸಲಿಕೆಯೂ ಇಲ್ಲ. ಕಂಡ ಸಿಗ್ನಲ್ಲನ್ನು ಪಕ್ಕದ ಡ್ರೈವರಿಗೆ ಕೂಗಿ ಹೇಳುವುದು ಮಾತ್ರ ಹಾಗೇ ಉಳಿದಿದೆ. ಪಕ್ಕದವನಿಗೆ ಕಾಣುತ್ತಲ್ಲ, ಸುಮ್ನೆ ಯಾಕೆ ಅಂತ ಬಿಡಬೇಡ, ನಾಚಿಕೆಯಾದರೂ ಕೂಗು. ನಿನ್ನಿಂದ ಏನಾದರೂ ತಪ್ಪಾದರೆ ಪಾಳಿ ಮುಗಿಯುವುದರೊಳಗೆ ಹಿರಿಯರಿಗೆ ನೀನೇ ಹೇಳು. ನನ್ನ ಹಾಗೆ ಎಪ್ಪತ್ತು ದಾಟುವವರೆಗೆ ಹೊತ್ತುಕೊಂಡು ತಿರುಗಬೇಡ. ರಾತ್ರಿ ಡ್ಯೂಟಿಯ ಮೊದಲು ಹಗಲು ಮಲಗು. ಮದುವೆ ಮನೆ ಇದ್ದರೂ ಮಲಗು, ನೆಂಟರ ಹತ್ತಿರ ನಾನು ಮಾತಾಡುತ್ತೇನೆ.

ಮುಂದಿನ ತಿಂಗಳು ಎರಡನೇ ಭಾನುವಾರ ಸೇರುತ್ತೇವೆ. ಒಂಬತ್ತರೊಳಗೆ ಬಾ, ಆಮೇಲೆ ಬನ್ಸ್ ಉಳಿಯುವುದಿಲ್ಲ.

ನಿನ್ನ ಅಜ್ಜ